ಹೊಲದ ದುಡಿಮೆ ಬೇರೆ, ತಾಲೀಮು ಬೇರೆ: ಅರವತ್ತಕ್ಕೂ ನೆಲದಿಂದ ತಾನೇ ಏಳೋದು ಹೆಂಗ?

ಹೋದ ವರ್ಷ ಶ್ರಾವಣದ ಒಂದು ಸೋಮವಾರ. ರಾಯಾಪುರದ ನಮ್ಮ ಬೀಗರ ಮನೆಯಲ್ಲಿ ಪೂಜೆ ಇತ್ತು, ಊಟಕ್ಕೆ ನೆಲದ ಮೇಲೆ ಪಂಕ್ತಿ. ಅಪ್ಪ ಎಲ್ಲರ ಜೊತೆ ಕೂತರು, ಉಂಡರು. ಏಳೋ ಹೊತ್ತಿಗೆ ಏಳಲಿಕ್ಕೆ ಆಗಲಿಲ್ಲ. ಎರಡೂ ಕೈ ನೆಲಕ್ಕೆ ಊರಿದರು, ಒಂದು ಮೊಣಕಾಲು ಮಡಚಿ ನೋಡಿದರು, ಮತ್ತೆ ಕೂತರು. ಕಡೆಗೆ ಇಬ್ಬರು ಹುಡುಗರು ಬಗಲಿಗೆ ಕೈ ಹಾಕಿ ಎಬ್ಬಿಸಿದರು.

ಅಪ್ಪನಿಗೆ 63. ಎತ್ತಿನ ಹಿಂದೆ ವರ್ಷಗಟ್ಟಲೆ ನಡೆದವರು, ಕ್ವಿಂಟಲ್ ಚೀಲ ಬೆನ್ನ ಮೇಲೆ ಹಾಕಿಕೊಂಡು ಚಕ್ಕಡಿಗೆ ಏರಿಸಿದವರು. ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟಿದ ಮೇಲೆ ಹೇಳಿದ್ದು ಇಷ್ಟೇ: "ಇನ್ನ ಮ್ಯಾಲೆ ಎಲ್ಲೆ ಹ್ವಾದ್ರೂ ನನಗ ಒಂದು ಕುರ್ಚಿ ಹಾಕ್ಸಪಾ."

ಅದೇ ತಿಂಗಳು ನನಗೂ ಒಂದು ಪೆಟ್ಟು ಬಿತ್ತು. ಟ್ರಾಲಿಯಿಂದ ಯೂರಿಯಾ ಚೀಲ ಇಳಿಸುವಾಗ ಟೊಂಕ ಹಿಡಿದು ಆರು ದಿನ ಮಲಗಿದೆ. ನನಗೆ ವಯಸ್ಸು 31. ಅಷ್ಟು ದಿನ ನಾನೂ ಎಲ್ಲರ ಹಂಗೆ ಹೇಳುತ್ತಿದ್ದೆ: "ದಿನಾ ಹೊಲದಾಗ ದುಡೀತೀವಿ, ನಮಗ್ಯಾಕ ಬೇಕು ಕಸರತ್ತು?" ಮಲಗಿದಲ್ಲೇ ಆ ಮಾತು ಎಷ್ಟು ಖರೆ ಅಂತ ಓದೋಕೆ, ಕೇಳೋಕೆ ಶುರು ಮಾಡಿದೆ. ಗೊತ್ತಾಗಿದ್ದನ್ನು, ಮನೆಯಲ್ಲಿ ಮಾಡಿ ನೋಡಿದ್ದನ್ನು ಈ ವಾರ ಬರೆಯುತ್ತಿದ್ದೇನೆ.

ದುಡಿಮೆ ಯಾಕೆ ಸಾಲುವುದಿಲ್ಲ

ಮೂವತ್ತು ದಾಟಿದ ಮೇಲೆ ಮನುಷ್ಯನ ಮಾಂಸಖಂಡ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತ ಹೋಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಮಾಂಸಖಂಡಕ್ಕಿಂತ ಶಕ್ತಿ ಜಾಸ್ತಿ ಇಳಿಯುತ್ತದೆ. ಅದರಲ್ಲೂ ಫಟ್ಟನೆ ಕೆಲಸಕ್ಕೆ ಬರುವ ಎಳೆಗಳು ಮೊದಲು ಹೋಗುತ್ತವೆ. ಹೆಂಟೆಗೆ ಕಾಲು ಎಡವಿದಾಗ ಇನ್ನೊಂದು ಕಾಲು ಮುಂದಿಟ್ಟು ನಮ್ಮನ್ನು ಹಿಡಿಯೋದು ಇವೇ ಎಳೆಗಳು. ವಯಸ್ಸಾದವರು ಬೀಳೋದಕ್ಕೆ ಕಣ್ಣು ಮಂದ ಆಗಿದ್ದು ಒಂದೇ ಕಾರಣ ಅಲ್ಲ, ಈ ಕಾಲು ತಡವಾಗಿ ಬರೋದೂ ಒಂದು ಕಾರಣ.

ಹೊಲದ ಕೆಲಸ ಇದನ್ನು ತಡೆಯಬೇಕಿತ್ತಲ್ಲ ಅಂತೀರಿ. ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ದೇಹ ಜಿಪುಣ. ಯಾವ ಚಲನೆಯನ್ನು ದಿನಾ ಕೇಳುತ್ತೀರೋ ಅದನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ನಮ್ಮ ಮನೆಯಲ್ಲೇ ನೋಡಿ. ಅವ್ವ ಇನ್ನೂ ನೆಲದ ಒಲೆ ಮುಂದೆ ಕೂತೇ ರೊಟ್ಟಿ ಬಡಿಯುತ್ತಾಳೆ, ಹಿಟ್ಟಿಗೆ, ನೀರಿಗೆ ಅಂತ ಹತ್ತು ಸಲ ಕೂತು ಏಳುತ್ತಾಳೆ. 58 ಆದರೂ ಕೈ ಊರದೆ ಏಳುತ್ತಾಳೆ. ಅಪ್ಪ ಟ್ರ್ಯಾಕ್ಟರ್ ಬಂದ ಮೇಲೆ ಸೀಟಿನ ಮೇಲೆ, ಬೈಕಿನ ಮೇಲೆ, ಕುರ್ಚಿ ಮೇಲೆ. ಪಾಯಖಾನೆಯಲ್ಲೂ ಕಮೋಡ್ ಬಂತು. ಹತ್ತು ವರ್ಷ ಯಾರೂ ಆ ಕಾಲುಗಳಿಗೆ ನೆಲದಿಂದ ಏಳು ಅಂತ ಹೇಳಲೇ ಇಲ್ಲ.

ಇನ್ನೊಂದು, ಹೊಲದ ಭಾರ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಎರಡು ತಿಂಗಳು ಹಗುರ ಕೆಲಸ, ಆಮೇಲೆ ಒಂದೇ ದಿನ ನಲವತ್ತು ಚೀಲ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50. ಬೆನ್ನಿಗೆ ಹಾಕುವ 16 ಲೀಟರ್ ಪಂಪು ತುಂಬಿದರೆ ಹೆಚ್ಚುಕಡಿಮೆ 20 ಕೆ.ಜಿ. ಗಂಡಾಳು ಹೊರುವ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದರೆ ಅದನ್ನು ಬೇಗ ಇಳಿಸಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಎರಡು ಕೈಲಿ ಎತ್ತೋ ಕೆಲಸಕ್ಕೆ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ, ಮಿತಿ 23 ಕೆ.ಜಿ. ನಾವು ಅದರ ಎರಡು ಪಟ್ಟನ್ನು, ಅದೂ ನೆಲದಿಂದ, ಬೆನ್ನು ಬಗ್ಗಿಸಿ ಎಳೆಯುತ್ತೇವೆ. ಚೀಲ ಇನ್ನೂ ಸಣ್ಣದಾಗಬೇಕು ಅನ್ನೋದು ನನ್ನ ಅಭಿಪ್ರಾಯ, ಅದು ಬೇರೆ ಜಗಳ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮೈ ದುಡಿಸಿ ಅನ್ನುತ್ತದೆ. ಹೊಲದ ಕೆಲಸ ಆ ಲೆಕ್ಕಕ್ಕೆ ಸೇರುತ್ತದೆ, ನಮ್ಮಲ್ಲಿ ಬಹಳ ಮಂದಿಗೆ ಅದು ಎರಡೇ ದಿನಕ್ಕೆ ಮುಗಿದೀತು. ಆದರೆ ಅದೇ ಮಾರ್ಗಸೂಚಿ, ಶಕ್ತಿ ಬೆಳೆಸುವ ಕಸರತ್ತು ವಾರಕ್ಕೆ ಎರಡು ದಿನ, 65 ದಾಟಿದವರಿಗೆ ತೋಲು ಹಿಡಿಯುವ ಅಭ್ಯಾಸ ಮೂರು ದಿನ ಅಂತ ಬೇರೆಯಾಗಿಯೇ ಹೇಳಿದೆ.

ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು ಅನ್ನಿಸುತ್ತದೆ. ಧಾರವಾಡ ಕಡೆಯ ಪೈಲ್ವಾನರಲ್ಲಿ ಬಹಳಷ್ಟು ಮಂದಿ ಒಕ್ಕಲುತನದವರೇ. ಹಗಲೆಲ್ಲ ಹೊಲದಲ್ಲಿ ದುಡಿಯುವವರು ನಸುಕಿನಲ್ಲಿ ಗರಡಿ ಮನೆಗೆ ಹೋಗಿ ದಂಡ, ಬಸ್ಕಿ ಹೊಡೆಯುತ್ತಿದ್ದರು. ದುಡಿಮೆಯೇ ಸಾಕಾಗಿದ್ದರೆ ಹೋಗುತ್ತಿರಲಿಲ್ಲ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋರೂ ಅಷ್ಟೇ, ಸಣ್ಣ ಗುಂಡಿನಿಂದ ಶುರು ಮಾಡಿ ವರ್ಷಗಟ್ಟಲೆ ಭಾರ ಏರಿಸಿಕೊಂಡು ಬಂದವರು. ತಾಲೀಮು ಅಂದರೆ ಇಷ್ಟೇ: ಭಾರ ಸ್ವಲ್ಪಸ್ವಲ್ಪವಾಗಿ ಏರಬೇಕು, ಮೈ ಎಲ್ಲ ದಿಕ್ಕಿಗೂ ತಿರುಗಬೇಕು, ನಡುವೆ ಒಂದು ದಿನ ಬಿಡುವು ಬೇಕು. ದುಡಿಮೆಯಲ್ಲಿ ಈ ಮೂರೂ ನಮ್ಮ ಕೈಯಲ್ಲಿ ಇರೋದಿಲ್ಲ. ಈಗ ಪೇಟೆಯಲ್ಲಿ ಫಂಕ್ಷನಲ್ ಟ್ರೇನಿಂಗ್ ಅಂತ ಫೀ ತಗೊಂಡು ಕಲಿಸೋದರಲ್ಲೂ ಇದೇ ಇದೆ. ಕನ್ನಡಿ ಮುಂದೆ ತೋಳು ಉಬ್ಬಿಸೋದಲ್ಲ. ಕೂರೋದು, ಏಳೋದು, ಬಾಗೋದು, ಎತ್ತೋದು, ಹೊರೋದು, ಬೀಳದೆ ನಡೆಯೋದು, ಇವನ್ನೇ ಅಭ್ಯಾಸ ಮಾಡೋದು.

ಮೊದಲು ಅಳೆದು ನೋಡಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ಈ ಪುಟದಲ್ಲಿ ಎಷ್ಟೋ ಸಲ ಓದಿದ್ದೀರಿ. ಇಲ್ಲೂ ಹಂಗೆ. ಮನೆಯವರೆಲ್ಲ ಸೇರಿ ಮೂರು ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ. ಹಿರಿಯರು ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಒಂದು, ನೆಲದ ಪರೀಕ್ಷೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಅವರ ತಂಡದ್ದು. ಬರಿಗಾಲಲ್ಲಿ ನಿಂತು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮತ್ತೆ ಏಳಬೇಕು. ಕೂರೋದಕ್ಕೆ 5, ಏಳೋದಕ್ಕೆ 5, ಒಟ್ಟು 10 ಅಂಕ. ಕೈ, ಮೊಣಕಾಲು ಏನೇ ಊರಿದರೂ ಪ್ರತಿ ಸಲ ಒಂದು ಅಂಕ ಹೋಯಿತು. ಹೊಯ್ದಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2,002 ಜನರ ಮೇಲೆ ಮಾಡಿದ ಈ ಅಧ್ಯಯನ 2012ರಲ್ಲಿ ಪ್ರಕಟ ಆಯಿತು. ಅಂಕ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ತೀರಿಹೋದವರು ಹೆಚ್ಚು. ನನಗೆ ಬಂದಿದ್ದು 8. ಅಪ್ಪನಿಗೆ 3 ಕೊಡೋದೂ ಕಷ್ಟ ಆಯಿತು.

ಎರಡು, ಕುರ್ಚಿ ಪರೀಕ್ಷೆ. ಸುಮಾರು 17 ಇಂಚು ಎತ್ತರದ, ಅಲುಗಾಡದ ಕುರ್ಚಿ. ಕೈ ಎದೆಗೆ ಕಟ್ಟಿಕೊಂಡು ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ಸಿಡಿಸಿ ಕೋಷ್ಟಕದ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಅಂತ ಅರ್ಥ. 65ರಿಂದ 69ಕ್ಕೆ ಆ ಗೆರೆ 12 ಮತ್ತು 11. ಅಪ್ಪ ಮಾಡಿದ್ದು 8. ಅವ್ವ 15 ಮಾಡಿ, "ಇಷ್ಟ ಏನು?" ಅಂದಳು.

ಮೂರು, ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲೋದು. ಇದೂ ಅರೌಜೊ ತಂಡದ್ದೇ. 51ರಿಂದ 75 ವಯಸ್ಸಿನ 1,702 ಜನರ ಅಧ್ಯಯನ, 2022ರಲ್ಲಿ ಬಂತು. ಹಂಗಂತ ಒಂಟಿ ಕಾಲಲ್ಲಿ ನಿಂತರೆ ಆಯುಷ್ಯ ಹೆಚ್ಚುತ್ತದೆ ಅಂತ ತಿಳಿಯಬೇಡಿ. ಗಾಡಿಯ ಮೀಟರ್ ಇದ್ದಂಗೆ, ಒಳಗೆ ಎಷ್ಟು ಉಳಿದಿದೆ ಅಂತ ತೋರಿಸುತ್ತದೆ, ಅಷ್ಟೇ.

ಸಾಮಾನು ಏನು ಬೇಕು

ಜಿಮ್ಮು ಬೇಡ ಅನ್ನುತ್ತಿಲ್ಲ. ರಾಯಾಪುರದ ಸುತ್ತ ಇರೋರಿಗೆ ಹುಬ್ಬಳ್ಳಿ, ಧಾರವಾಡ ಎರಡೂ ಹತ್ತಿರ; ಹೋಗೋ ಮನಸ್ಸಿದ್ದರೆ ಹೋಗಿ. ಆದರೆ ಅಪ್ಪ-ಅವ್ವ ಹೋಗೋದಿಲ್ಲ, ಸುಗ್ಗಿ ಬಂದರೆ ನೀವೂ ಹೋಗೋದಿಲ್ಲ. ನಮ್ಮ ಮನೆಯಲ್ಲಿ ಬಳಸೋದು ಖಾಲಿ ಎಣ್ಣೆ ಕ್ಯಾನು, ಮನೆ ಮುಂದಿನ ಕಟ್ಟೆ, ಒಂದು ಬಡಿಗೆ, ಬೇವಿನ ಗಿಡ, ಹಗ್ಗ. ಕ್ಯಾನು ಬಹಳ ಚಲೋ ಸಾಮಾನು: ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಈ ವಾರ 5 ಲೀಟರ್, ಮುಂದಿನ ವಾರ 6. ಇಷ್ಟು ಸಣ್ಣಗೆ ಭಾರ ಏರಿಸೋಕೆ ಜಿಮ್ಮಿನ ತಟ್ಟೆಗಳಿಂದಲೂ ಕಷ್ಟ.

ಕೂತು ಏಳೋದರಿಂದ ಶುರು ಮಾಡಿ. ಹಿರಿಯರು ಎತ್ತರದ ಕಟ್ಟೆಯಿಂದ, ಎಂಟರಿಂದ ಹತ್ತು ಸಲ, ನಡುವೆ ಎರಡು ನಿಮಿಷ ಬಿಟ್ಟು ಎರಡು ಸುತ್ತು. ಹಗುರ ಆದಂತೆ ಇನ್ನೂ ತಗ್ಗಿನ ಜಾಗಕ್ಕೆ ಇಳಿಯಿರಿ: ಕುರ್ಚಿ, ಆಮೇಲೆ ಮಣೆ, ಕಡೆಗೆ ನೆಲ. ಮೊಣಕಾಲು ಸವೆದು ನೋವಿದ್ದವರು ನೋವು ಶುರುವಾಗುವ ಮಟ್ಟಕ್ಕಿಂತ ಮೇಲೇ ನಿಲ್ಲಲಿ. ಮೊಣಕಾಲು ನೋವು ಅಂತ ಪೂರ್ತಿ ಕೂತುಬಿಟ್ಟರೆ ತೊಡೆ ಸೋತು ಎಲ್ಲ ಭಾರ ಕೀಲಿನ ಮೇಲೇ ಬೀಳುತ್ತದೆ. ನೀವು ಯುವಕರು, ಎದೆಗೆ ಹತ್ತು ಲೀಟರ್ ಕ್ಯಾನು ಅವಚಿಕೊಂಡು ಬಸ್ಕಿ ಮಾಡಿ.

ಇನ್ನು ಬಾಗೋದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನನ್ನ ಟೊಂಕ ಹೋಗಿದ್ದೇ ಇಲ್ಲಿ. ಬಾಗೋ ಕೀಲು ಬೆನ್ನಿನಲ್ಲಿಲ್ಲ, ತೊಡೆ ಮತ್ತು ಟೊಂಕ ಕೂಡುವ ಜಾಗದಲ್ಲಿದೆ. ಬಡಿಗೆಯನ್ನು ಬೆನ್ನಿನ ಉದ್ದಕ್ಕೆ ಹಿಡಿದುಕೊಳ್ಳಿ. ಅದು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಹೆಗಲುಗಳ ನಡುವೆ, ಕುಂಡಿಯ ಮೇಲಿನ ಎಲುಬು. ಈಗ ಮೊಣಕಾಲು ಸ್ವಲ್ಪ ಸಡಿಲಿಸಿ, ಕುಂಡಿಯಿಂದ ಹಿಂದಿನ ಬಾಗಿಲು ಮುಚ್ಚಿದಂಗೆ ಹಿಂದಕ್ಕೆ ತಳ್ಳುತ್ತ ಬಾಗಿ. ಮೂರರಲ್ಲಿ ಒಂದು ಕಡೆ ಬಡಿಗೆ ಬಿಟ್ಟಿತು ಅಂದರೆ ಬೆನ್ನು ಗೂನಾಯಿತು. ಗೆಳೆಯನಿಗೆ ಮೊಬೈಲ್ ಕೊಟ್ಟು ಪಕ್ಕದಿಂದ ವಿಡಿಯೊ ಮಾಡಿಸಿ. ನಾನು ನೆಟ್ಟಗೆ ಇದ್ದೇನೆ ಅಂದುಕೊಂಡಿದ್ದೆ, ವಿಡಿಯೊದಲ್ಲಿ ಸೀಗಡಿ ಕಂಡಂಗೆ ಕಾಣುತ್ತಿದ್ದೆ. ಎರಡು ವಾರ ಬರೀ ಬಡಿಗೆ, ಆಮೇಲೆ ಕ್ಯಾನು ಎತ್ತೋದು.

ಚೀಲ ಮೈಗೆ ಹತ್ತಿರ ಇರಬೇಕು ಅನ್ನೋದಕ್ಕೂ ಕಾರಣ ಇದೆ. ಅದು ತಕ್ಕಡಿ ಲೆಕ್ಕ. ದಂಡ ಉದ್ದ ಆದಷ್ಟು ಅದೇ ಕಲ್ಲು ಹೆಚ್ಚು ಎಳೆಯುತ್ತದೆ. ಮೊಳದುದ್ದ ದೂರ ಹಿಡಿದ 45 ಕೆ.ಜಿ., ಹೊಟ್ಟೆಗೆ ಅವಚಿ ಹಿಡಿದ 45ಕ್ಕಿಂತ ಟೊಂಕಕ್ಕೆ ಎರಡು ಪಟ್ಟಿಗೂ ಹೆಚ್ಚು ಭಾರ. ಎತ್ತುವಾಗ ತಿರುಚಬೇಡಿ, ಕಾಲು ಎತ್ತಿಟ್ಟು ತಿರುಗಿ. ಚೀಲವನ್ನು ನೆಲಕ್ಕೆ ಹಾಕಿ ಮತ್ತೆ ನೆಲದಿಂದ ಎತ್ತೋ ಬದಲು ಟ್ರಾಲಿಯ ಅಂಚಿಗೆ ಎಳೆದು ಅಲ್ಲಿಂದಲೇ ಹೆಗಲಿಗೆ ತಗೊಳ್ಳಿ. ಎಣ್ಣಿ ಹೊಡಿಯೋ ಪಂಪನ್ನೂ ಹಂಗೇ, ಒಡ್ಡಿನ ಮೇಲೋ ಟ್ರಾಲಿ ಅಂಚಿಗೋ ಇಟ್ಟು ಬೆಲ್ಟು ಹಾಕಿಕೊಂಡು ಎದ್ದು ನಿಲ್ಲಿ. ಮುಂಜಾನೆ ಎದ್ದು ಅರ್ಧ-ಮುಕ್ಕಾಲು ತಾಸು ಆಗೋವರೆಗೆ ಬಾಗಿ ಭಾರ ಎತ್ತಬೇಡಿ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಗಾದಿಗಳು ನೀರು ಹಿಡಿದು ಉಬ್ಬಿರುತ್ತವೆ, ಆಗ ಅವಕ್ಕೆ ಪೆಟ್ಟು ಜಾಸ್ತಿ. ಎರಡು ತಾಸು ಟ್ರ್ಯಾಕ್ಟರ್ ಹೊಡೆದು ಇಳಿದ ಕೂಡಲೇ ಕೂಡ ಎತ್ತಬೇಡಿ, ಐದು ನಿಮಿಷ ಅಡ್ಡಾಡಿ.

ಹೊತ್ತು ನಡೆಯೋದು ನನಗೆ ಎಲ್ಲಕ್ಕಿಂತ ಸೇರಿದ್ದು. ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು ನೆಟ್ಟಗೆ ನಿಂತು ನಲವತ್ತು ಹೆಜ್ಜೆ. ಆಮೇಲೆ ಒಂದೇ ಕೈಯಲ್ಲಿ ಹಿಡಿದು ಮೈ ವಾಲದಂಗೆ ನಡೆಯಿರಿ, ಪಕ್ಕೆಗಳಿಗೆ ಕೆಲಸ ಸಿಗುತ್ತದೆ. ಕೈ ಹಿಡಿತವೂ ಗಟ್ಟಿ ಆಗುತ್ತದೆ. ಹಿಡಿತವನ್ನು ಸಣ್ಣದು ಅನ್ನಬೇಡಿ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಯಾರು ಬೇಗ ಸಾಯಬಹುದು ಅನ್ನೋದನ್ನು ಅದರಲ್ಲಿ ಮೇಲಿನ ಬಿಪಿ ಅಂಕಿಗಿಂತ ಕೈ ಹಿಡಿತವೇ ಚೆನ್ನಾಗಿ ತೋರಿಸಿತು.

ಉಳಿದದ್ದು ಬೇಗ ಹೇಳುತ್ತೇನೆ. ದಂಡ: ಹಿರಿಯರು ಗೋಡೆಗೆ ಕೈ ಹಚ್ಚಿ, ಆಮೇಲೆ ಕಟ್ಟೆಗೆ, ನೀವು ನೆಲಕ್ಕೆ. ಎಳೆಯೋದು: ಬೇವಿನ ಟೊಂಗೆಗೆ ಹಗ್ಗ ಕಟ್ಟಿ, ಹಿಂದಕ್ಕೆ ವಾಲಿ ಮೈಯನ್ನು ಎಳೆದುಕೊಳ್ಳಿ. ಟೊಂಗೆ ಗಟ್ಟಿ ಇದೆಯೋ ಇಲ್ಲವೋ ಮೊದಲು ಜಗ್ಗಿ ನೋಡಿ. ತೋಲು: ಹಲ್ಲು ಉಜ್ಜುವಾಗ ಒಂಟಿ ಕಾಲು, ಒಂದು ಕೈ ಗೋಡೆ ಹತ್ತಿರ. ಮಳೆ ಬಿಟ್ಟು ಒಣಗಿದಾಗ ಬದುವಿನ ಮೇಲೆ ಹಿಮ್ಮಡಿಗೆ ಬೆರಳು ಹಚ್ಚಿ ನಡೆಯೋದು ಚಿಕ್ಕವರಿಗೆ ಸಾಕು.

ವಾರಕ್ಕೆ ಮೂರು ದಿನ, ದಿನಕ್ಕೆ 25 ನಿಮಿಷ. ಮೈ ಒದ್ದಾಡೋವರೆಗೆ ಮಾಡಬೇಡಿ. ಇನ್ನೂ ಎರಡು-ಮೂರು ಸಲ ಆಗುತ್ತದೆ ಅನ್ನುವಾಗಲೇ ನಿಲ್ಲಿಸಿ.

ಯಾವಾಗ ಶುರು ಮಾಡಬೇಕು

ಉಗಾದಿಯಿಂದ ರೋಹಿಣಿ ಮಳೆ ತನಕ ಹೊಲದಲ್ಲಿ ಕೆಲಸ ಕಡಿಮೆ. ಆ ಎರಡು ತಿಂಗಳಷ್ಟು ಹೊತ್ತು ತಾಲೀಮಿಗೆ ಸುಗ್ಗಿ. ಬಿತ್ತಿಗೆ ಹೊತ್ತಿಗೆ, ಗೊಬ್ಬರದ ಚೀಲ ಬರುವ ಹೊತ್ತಿಗೆ ಬೆನ್ನು, ಕಾಲು ತಯಾರಾಗಿರುತ್ತವೆ. ಸೋಯಾ ಕಟಾವು, ಹಿಂಗಾರಿ ಬಿತ್ತನೆ ಒಟ್ಟಿಗೆ ಬಂದಾಗ ಮೂರು ದಿನದ್ದು ಒಂದು ದಿನ ಆಗಲಿ, ಭಾರ ಹಾಗೇ ಇರಲಿ. ಪೂರ್ತಿ ಬಿಟ್ಟರೆ ಮಾತ್ರ ಗಳಿಸಿದ್ದು ತಿಂಗಳೆರಡು ತಿಂಗಳಲ್ಲಿ ಜಾರುತ್ತದೆ.

"ಇನ್ನ ನನಗ್ಯಾಕೋ ಇದೆಲ್ಲಾ" ಅನ್ನೋ ಹಿರಿಯರಿಗೆ ಒಂದು ಹಳೆಯ ಪ್ರಯೋಗ ಹೇಳಿ. 1990ರಲ್ಲಿ ಅಮೆರಿಕದ ಬೋಸ್ಟನ್‌ನ ವೃದ್ಧರ ಆರೈಕೆ ಮನೆಯೊಂದರಲ್ಲಿ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಕಾಲಿನ ಭಾರದ ಕಸರತ್ತು ಮಾಡಿಸಿದರು. ಒಂಬತ್ತು ಜನ ಎಂಟು ವಾರ ಪೂರ್ತಿ ಮಾಡಿದರು. ಕಾಲಿನ ಶಕ್ತಿ ಸರಾಸರಿ ಶೇಕಡಾ 174 ಏರಿತು.

ಊಟದ ಬಗ್ಗೆ ಒಂದೇ ಮಾತು. ದಿನಕ್ಕೆ ಮೈತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನೋದು ಐಸಿಎಂಆರ್ 2020ರಲ್ಲಿ ಹೇಳಿದ ಲೆಕ್ಕ, 60 ಕೆ.ಜಿ. ಮನುಷ್ಯನಿಗೆ 50 ಗ್ರಾಂ. ರೊಟ್ಟಿ ಜೊತೆ ಜುಣಕ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಹತ್ತಿರ ಹೋಗುತ್ತೇವೆ. ತೊಂದರೆ ಇರೋದು ವಯಸ್ಸಾದವರು ರಾತ್ರಿ ಬರೀ ಅನ್ನ-ಸಾರು, ಇಲ್ಲಾ ಚಹಾ-ಚುರಮುರಿಯಲ್ಲಿ ಮುಗಿಸೋದರಲ್ಲಿ. ಅಲ್ಲಿ ಒಂದು ಲೋಟ ಹಾಲೋ ತತ್ತಿಯೋ ಸೇರಿಸಿ. ಡಬ್ಬಿಯ ಪುಡಿ ಕೊಳ್ಳೋ ಮೊದಲು ಇದನ್ನು ಮಾಡಿ.

ಇಲ್ಲಿ ನಿಲ್ಲಿಸಿ, ದವಾಖಾನೆಗೆ ಹೋಗಿ: ಟೊಂಕದ ನೋವು ಕಾಲಿಗೆ ಇಳಿದು ಜೋಮು ಹಿಡಿದರೆ, ಪಾದ ಎತ್ತಲಿಕ್ಕೆ ಆಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಿಕ್ಕೆ ಆಗದಿದ್ದರೆ, ಎದೆ ಹಿಡಿದಂಗಾದರೆ. ಮೂತ್ರದ ತೊಂದರೆ ಇದ್ದರೆ ನಾಳೆ ಅನ್ನಬೇಡಿ, ಅದೇ ದಿನ ಹೋಗಿ. ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ, ಎತ್ತುವಾಗ ಉಸಿರು ಕಟ್ಟಬಾರದು. ನಮ್ಮ ಕಡೆಯವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ, ರಾಯಾಪುರದ ಪಕ್ಕದಲ್ಲೇ ಸತ್ತೂರಿನ ಎಸ್‌ಡಿಎಂನಲ್ಲಿ ಫಿಸಿಯೊಥೆರಪಿ ಇದೆ. ಸೆಟೆದ ಬೆನ್ನನ್ನು ತುಳಿಸಿಕೊಳ್ಳೋ ಮೊದಲು ಅಲ್ಲಿ ಒಮ್ಮೆ ತೋರಿಸಿ. ನಾನು ತುಳಿಸಿಕೊಂಡೆ, ಅದಕ್ಕೇ ಮೂರು ದಿನದ್ದು ಆರು ದಿನ ಆಯಿತೇನೋ ಅಂತ ಈಗಲೂ ಅನುಮಾನ.

ಅಪ್ಪನನ್ನು ಒಪ್ಪಿಸೋದು ಸುಲಭ ಇರಲಿಲ್ಲ. ಕಸರತ್ತು ಅಂದರೆ ನಗುತ್ತಿದ್ದರು. "ಅಪ್ಪಾ, ದಂಡ ಎಷ್ಟು ಹೊಡೀತಿದ್ರಿ ನೀವು ಹುಡುಗ ಇದ್ದಾಗ?" ಅಂತ ಕೇಳಿದ ಮೇಲೆ ಗೋಡೆ ಹತ್ತಿರ ಹೋದರು. ಮೊದಲ ತಿಂಗಳು ಕಟ್ಟೆಯಿಂದ ಏಳೋದು ಮಾತ್ರ. ನಾಲ್ಕನೇ ತಿಂಗಳಿಗೆ 30 ಸೆಕೆಂಡಿಗೆ 12 ಬಂತು, ಈಗ 13. ಸಿಡಿಸಿ ಗೆರೆ ದಾಟೋಕೆ ಇನ್ನೊಂದು ಬಾಕಿ. ನೆಲದಿಂದ ಒಂದು ಕೈ ಊರಿ ಏಳುತ್ತಾರೆ, ಬಲಗೈ. ಎಡಗಾಲು ಇನ್ನೂ ಸೋಲುತ್ತದೆ, ಅದಕ್ಕೆ ಈ ತಿಂಗಳಿಂದ ತಗ್ಗಿನ ಮೆಟ್ಟಿಲು ಹತ್ತಿ ಇಳಿಯೋದು ಸೇರಿಸಿದ್ದೇವೆ. ಮೊನ್ನೆ ಬೀಗರ ಮನೆಯಲ್ಲಿ ಮತ್ತೆ ಪಂಕ್ತಿ ಇತ್ತು. ಅವರು ಮೊದಲೇ ಕುರ್ಚಿ ತಂದಿಟ್ಟಿದ್ದರು, ಅಪ್ಪ ಅದರ ಮೇಲೆ ಟವಲ್ ಹಾಕಿ ಕೆಳಗೆ ಕೂತರು.